ಯೋಧನ ಸಾವು, ಯೋಧನ ತ್ಯಾಗ

ವಿಜಯಪುರದ ಸೈನಿಕ ಶಾಲೆ ಆರಂಭವಾದದ್ದು 1963ರ ಸೆಪ್ಟೆಂಬರ್‌ನಲ್ಲಿ. ಚೀನಾ ಯುದ್ಧ ಮುಗಿದು ಆಗಿನ್ನೂ ವರ್ಷ ತುಂಬಿರಲಿಲ್ಲ. ಸೈನಿಕ ಶಾಲೆಗಳ ಯೋಜನೆ ಮಾತ್ರ ಆ ಯುದ್ಧಕ್ಕಿಂತ ಹಿಂದಿನದು: ವಿ. ಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ, 1961ರಲ್ಲಿ, ಸಾತಾರಾದ ಶಾಲೆಯೊಂದಿಗೆ ಅದು ಶುರುವಾಗಿತ್ತು. ಸೇನೆಯ ಅಧಿಕಾರಿಗಳು ಕೆಲವೇ ಪ್ರಾಂತಗಳಿಂದ, ಕೆಲವೇ ಬಗೆಯ ಮನೆತನಗಳಿಂದ ಬರುವುದು ತಪ್ಪಬೇಕು, ಸಾಧಾರಣ ಮನೆಯ ಹುಡುಗನೂ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ತಟ್ಟುವಂತಾಗಬೇಕು ಎಂಬುದು ಅದರ ಉದ್ದೇಶ. ಉದ್ದೇಶ ಹುಸಿಯಾಗಲಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಶಿಖರವನ್ನು ಮರಳಿ ಪಡೆದ 2ನೇ ರಜಪುತಾನಾ ರೈಫಲ್ಸ್ ಪಡೆಯನ್ನು ನಡೆಸಿದ ದಾವಣಗೆರೆಯ ಎಂ. ಬಿ. ರವೀಂದ್ರನಾಥ್ ಈ ಶಾಲೆಯ ವಿದ್ಯಾರ್ಥಿ. 2022ರಲ್ಲಿ ಭೂಸೇನೆಯ ಉಪಮುಖ್ಯಸ್ಥರಾದ ಲೆಫ್ಟಿನೆಂಟ್ ಜನರಲ್ ಬಿ. ಎಸ್. ರಾಜು ಅವರೂ ಇಲ್ಲಿಯೇ ಓದಿದವರು. ಹೀಗೆ ಅಕಾಡೆಮಿ ಮುಗಿಸಿ ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದವರ ತ್ಯಾಗದ ಬಗ್ಗೆ ನಾಡಿನಲ್ಲಿ ಗೌರವಕ್ಕೆ ಕೊರತೆಯಿಲ್ಲ. ಆದರೆ ಆ ತ್ಯಾಗ ಯಾವುದು ಎಂಬ ತಿಳಿವಳಿಕೆ ಗೊಂದಲದಲ್ಲಿದೆ. ಆ ಗೊಂದಲದಿಂದ ಬದುಕಿರುವವರಿಗೂ ಸತ್ತವರಿಗೂ ಅನ್ಯಾಯವಾಗುತ್ತಿದೆ.

ಪ್ರಚಲಿತ ನಂಬಿಕೆಗೆ ಎರಡು ಮುಖಗಳಿವೆ. ಮೊದಲನೆಯದರ ಪ್ರಕಾರ ತ್ಯಾಗವೆಂದರೆ ವೀರಮರಣ. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಊರಿಗೆ ಬಂದಾಗ ತ್ಯಾಗ ನಡೆಯಿತು; ಬರದಿದ್ದರೆ ಸೇವೆ ನಡೆಯಿತು, ಅಷ್ಟೇ. ಎರಡನೆಯದು ಇದಕ್ಕೆ ಎದುರು ನಿಂತಂತೆ ತೋರುತ್ತದೆ: ಇವರು ತಾವಾಗಿ ಆರಿಸಿಕೊಂಡು ಹೋದವರು, ಸಂಬಳ, ಪಿಂಚಣಿ, ಕ್ಯಾಂಟೀನು ಎಲ್ಲ ಉಂಟು, ಅಪಾಯ ಆ ನೌಕರಿಯ ಭಾಗ, ಅದನ್ನು ತ್ಯಾಗ ಎನ್ನುವುದು ಭಾವುಕತೆ. ಮೊದಲ ಮಾತು ಶ್ರದ್ಧಾಂಜಲಿ ಸಭೆಗಳಲ್ಲಿ ಕೇಳಿಸುತ್ತದೆ, ಎರಡನೆಯದು ಸಭೆ ಮುಗಿದ ಮೇಲಿನ ಹರಟೆಯಲ್ಲಿ. ಎಷ್ಟೋ ಜನ ಎರಡನ್ನೂ ಒಟ್ಟಿಗೆ ನಂಬುತ್ತಾರೆ, ಮತ್ತು ಹಾಗೆ ನಂಬುವುದು ಸಾಧ್ಯವೂ ಹೌದು. ಏಕೆಂದರೆ ಎರಡಕ್ಕೂ ಅಡಿಪಾಯ ಒಂದೇ: ಯೋಧ ಕೊಟ್ಟದ್ದೆಷ್ಟು ಎಂಬುದನ್ನು ಕೊನೆಯಲ್ಲಿ ಅವನು ಕಳೆದುಕೊಂಡದ್ದರಿಂದ ಅಳೆಯಬೇಕು, ಅದರಲ್ಲಿ ಅವನಿಗೆ ಸಂದದ್ದನ್ನು ಕಳೆಯಬೇಕು ಎಂಬ ಲೆಕ್ಕಾಚಾರ.

ಈ ನಂಬಿಕೆ ನಿನ್ನೆ ಮೊನ್ನೆಯದಲ್ಲ, ಹಗುರವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಅದನ್ನೇ ಹೇಳುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸಾನ್ನಿಧ್ಯ. ತುರುಗಳನ್ನು ಕಾಯಲು ಹೋಗಿ ಸತ್ತವನಿಗೂ ಅರಸನ ಪರ ಕಾದಿ ಬಿದ್ದವನಿಗೂ ಕಲ್ಲಿನ ಗೌರವ ಒಂದೇ ಬಗೆಯದು. ಕಾದಿ ಗೆದ್ದು ಗಾಯಗೊಂಡು ಮನೆಗೆ ಮರಳಿದವನಿಗೆ ಆ ಮೂರು ಪಟ್ಟಿಕೆಗಳ ಕ್ರಮದಲ್ಲಿ ಎಡೆಯಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ನೆತ್ತರುಕೊಡಗೆಯ ಪದ್ಧತಿ ಇದರ ಜೊತೆಗೇ ಇತ್ತು. ಹಾಗಾಗಿ ಆ ಕಾಲದ ಗೌರವ ಕಲ್ಲಿನಲ್ಲೇ ಮುಗಿಯುತ್ತಿರಲಿಲ್ಲ, ಒಲೆಯವರೆಗೂ ತಲುಪುತ್ತಿತ್ತು ಎನ್ನುವುದನ್ನು ಮರೆಯಬಾರದು. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಈಚೆಗೆ ನಿಲ್ಲಿಸಿದ ಭಾರೀ ಏಕಶಿಲೆಯನ್ನೂ ವೀರಗಲ್ಲು ಎಂದೇ ಕರೆಯಲಾಗಿದೆ. ಸಾವಿರ ವರ್ಷದ ರೂಢಿ ಇನ್ನೂ ಜೀವಂತವಾಗಿದೆ.

ಎರಡನೆಯ ಮುಖಕ್ಕೂ ಅಷ್ಟೇ ಹಳೆಯ ಬೇರಿದೆ. ಉಂಡ ಜೋಳದ ಋಣವನ್ನು ಒಡೆಯನಿಗಾಗಿ ಕಾದಿ ತೀರಿಸಬೇಕು ಎಂಬ ಜೋಳವಾಳಿಯ ಕಟ್ಟು ಹಳಗನ್ನಡ ಕಾವ್ಯಗಳಲ್ಲೂ ಶಾಸನಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಪಂಪನ ಕರ್ಣ ದುರ್ಯೋಧನನನ್ನು ಬಿಟ್ಟು ಬರಲೊಲ್ಲದಿರುವುದು ಈ ಋಣದ ಬಲದಿಂದಲೇ. ಇದರ ತುತ್ತತುದಿ ವೇಳೆವಾಳಿ: ಒಡೆಯ ಸತ್ತರೆ ತಾನೂ ಸಾಯುವೆನೆಂಬ ಭಾಷೆ. 1220ರಲ್ಲಿ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ಅವನೊಂದಿಗೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಸ್ತಂಭಶಾಸನ ಹಳೇಬೀಡಿನಲ್ಲಿದೆ. ಡೋಣಿ ಹೊಳೆಯ ಬಗ್ಗೆ ‘ಡೋಣಿ ಹರಿದರೆ ಓಣಿಗೆಲ್ಲ ಜೋಳ’ ಎಂಬ ಮಾತು ಬಳಕೆಯಲ್ಲಿರುವ ವಿಜಯಪುರ ಸೀಮೆಯಲ್ಲಿ ಈ ಋಣಕಲ್ಪನೆಯ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಂಬಳ ತಿಂದವನು ದುಡಿದು ತೀರಿಸಿದ, ಲೆಕ್ಕ ಚುಕ್ತಾ ಆಯಿತು ಎನ್ನುವ ಇಂದಿನ ವಾದ ಇದೇ ಕಲ್ಪನೆಯ ಹೊಸ ರೂಪ. ಆದರೆ ಹಳೆಯದರಲ್ಲಿದ್ದ ನಿಷ್ಠೆಯ ಭಾರ ಈಗ ಉದುರಿ ಹೋಗಿದೆ, ವ್ಯವಹಾರವಷ್ಟೇ ಉಳಿದಿದೆ.

ಮೊದಲು ಸಾವನ್ನೇ ತ್ಯಾಗವೆನ್ನುವ ನಂಬಿಕೆಯನ್ನು ಪರೀಕ್ಷಿಸಬೇಕು. ಟೈಗರ್ ಹಿಲ್ ದಾಳಿಯಲ್ಲಿ 1999ರ ಜುಲೈ 4ರಂದು ಹಲವು ಗುಂಡೇಟು ತಿಂದೂ ಮುನ್ನುಗ್ಗಿದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಘೋಷಣೆಯಾದದ್ದು ಮರಣೋತ್ತರವಾಗಿ. ತೀರಿಕೊಂಡವರು ಅದೇ ಹೆಸರಿನ ಮತ್ತೊಬ್ಬ ಸೈನಿಕ, ಪದಕಕ್ಕೆ ಅರ್ಹರಾದವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ ಎಂಬುದು ಆಮೇಲೆ ಗೊತ್ತಾಯಿತು. ಘೋಷಣೆಗೂ ತಿದ್ದುಪಡಿಗೂ ನಡುವೆ ಆ ರಾತ್ರಿ ಬಂಡೆಯ ಮೇಲೆ ನಡೆದದ್ದರಲ್ಲಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ತ್ಯಾಗವೆಂದರೆ ಸಾವೇ ಆಗಿದ್ದರೆ, ಅವರು ಬದುಕಿದ್ದಾರೆಂಬ ಸುದ್ದಿ ಬಂದ ಗಳಿಗೆಯಲ್ಲಿ ಅವರ ತ್ಯಾಗ ಕಿರಿದಾಯಿತು ಎಂದು ಒಪ್ಪಬೇಕಾಗುತ್ತದೆ. ಹಾಗೆನ್ನಲು ಯಾರ ನಾಲಿಗೆಯೂ ಏಳುವುದಿಲ್ಲ. ಸರ್ಕಾರವೂ ಹಾಗೆ ನಡೆದುಕೊಂಡಿಲ್ಲ: ಈವರೆಗಿನ 21 ಪರಮವೀರ ಚಕ್ರಗಳಲ್ಲಿ 14 ಮರಣೋತ್ತರ, ಉಳಿದ 7 ಬದುಕಿದ್ದವರಿಗೇ ಸಂದವು. ಒಂದೇ ಗುಂಡಿನ ಮಳೆಗೆ ಎದುರಾಗಿ ಇಬ್ಬರು ಹತ್ತಿದಾಗ ಒಬ್ಬನಿಗೆ ತಗುಲಿ ಇನ್ನೊಬ್ಬನಿಗೆ ತಗುಲದೇ ಹೋಗುವುದು ಅವರಿಬ್ಬರ ಕೃತ್ಯವಲ್ಲ. ಗುರಿಯ, ಗಾಳಿಯ, ಕಲ್ಲಿನ ಮರೆಯ ಸಂಗತಿ. ವ್ಯಕ್ತಿಯ ಕೈಯಲ್ಲಿ ಇಲ್ಲದ್ದನ್ನು ಅವನ ಕೊಡುಗೆಯ ಅಳತೆಗೋಲು ಮಾಡುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಸಾವಿನ ಬದಲು ಮನ್ನಣೆಯನ್ನು ಅಳತೆಯಾಗಿ ಹಿಡಿದರೂ ಇದೇ ತೊಡಕು. ಕೊಡಗಿನ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮರಳಿ ಬರಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದಲೇ ಶಬ್ದಕ್ಕಿಂತ ವೇಗದ ಸ್ಟಾರ್‌ಫೈಟರ್ ಒಂದನ್ನು ಅವರು ಉರುಳಿಸಿದ್ದರು ಎಂಬುದು ಎಷ್ಟೋ ವರ್ಷ ಭಾರತಕ್ಕೆ ತಿಳಿದಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಆ 23 ವರ್ಷವೂ ಅವರು ಕೊಟ್ಟದ್ದು ಅಷ್ಟೇ ಇತ್ತು. ತಿಳಿಯದಿದ್ದದ್ದು ನಾಡಿಗೆ.

ಹಾಗಾದರೆ ತ್ಯಾಗ ಎಲ್ಲಿದೆ? ಒಂದೇ ಹೆಸರಿನಡಿ ಬೆರೆತುಹೋಗಿರುವ ಮೂರು ಸಂಗತಿಗಳನ್ನು ಬೇರ್ಪಡಿಸಿದರೆ ದಾರಿ ಕಾಣುತ್ತದೆ.

1. ಒಪ್ಪಿಗೆ. ಖಡಕವಾಸ್ಲಾದಲ್ಲಿ ಮೂರು ವರ್ಷ, ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಒಂದು ವರ್ಷ ಕಳೆದ ಕೆಡೆಟ್ ‘ಅಂತಿಮ ಪಗ್’ ದಾಟಿ ಅಧಿಕಾರಿಯಾಗುವಾಗ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎಂದು ಪ್ರಮಾಣ ಮಾಡುತ್ತಾನೆ. ಎಷ್ಟರವರೆಗೆ ಎಂಬ ಮಿತಿ ಅದರಲ್ಲಿ ಇಲ್ಲ.

2. ಒಡ್ಡಿದ್ದು. ಯುದ್ಧ ಬಂದಾಗ ಆ ಒಪ್ಪಿಗೆಯ ಮೇರೆಗೆ ಅವನು ನಿಜವಾಗಿ ಮುಂದಿಟ್ಟದ್ದು: ದೇಹ, ಮನಸ್ಸು, ಮನೆಯವರ ನೆಮ್ಮದಿ, ಮುಂದಿನ ವರ್ಷಗಳು.

3. ಕಳೆದುಕೊಂಡದ್ದು. ಒಡ್ಡಿದ್ದರಲ್ಲಿ ಮರಳಿ ಬಾರದೇ ಹೋದ ಭಾಗ: ಪ್ರಾಣ, ಕಾಲು, ಕಣ್ಣು, ನಿದ್ದೆ, ಅಥವಾ ಅದೃಷ್ಟವಿದ್ದರೆ ಏನೂ ಇಲ್ಲ.

ಪ್ರಚಲಿತ ನಂಬಿಕೆ ಮೂರನೆಯದನ್ನೇ ತ್ಯಾಗ ಎನ್ನುತ್ತದೆ. ಆದರೆ ಮೂರನೆಯದು ಯೋಧನಿಗೆ ಸಂಭವಿಸುವಂಥದ್ದು. ಅವನು ಮಾಡುವಂಥದ್ದು ಮೊದಲಿನ ಎರಡು. ತ್ಯಾಗ ಮಾಡುವ ಕ್ರಿಯೆಯಾದ್ದರಿಂದ ಅದು ಆ ಎರಡರಲ್ಲೇ ಇರಬೇಕು. ಇನ್ನೂ ಬಿಡಿಸಿ ಹೇಳುವುದಾದರೆ, ಅಕಾಡೆಮಿಯಿಂದ ಹೊರಬಂದ ಅಧಿಕಾರಿ ಬಿಟ್ಟುಕೊಡುವುದು ಎಷ್ಟು ಕೊಡಬೇಕೆಂದು ತಾನೇ ತೀರ್ಮಾನಿಸುವ ಹಕ್ಕನ್ನು. ಉಳಿದ ನಾಗರಿಕರೆಲ್ಲ ಪ್ರತಿ ಬೆಳಿಗ್ಗೆ ಹೊಸದಾಗಿ ಬಳಸುವ ಹಕ್ಕು ಅದು. ಅವನು ಅದನ್ನು ಇಪ್ಪತ್ತೊಂದರ ಆಸುಪಾಸಿನಲ್ಲೇ ಒಪ್ಪಿಸಿಬಿಟ್ಟಿರುತ್ತಾನೆ. ಯುದ್ಧ ಅದನ್ನು ವಸೂಲು ಮಾಡುತ್ತದೆ, ಒಮ್ಮೆ ಪೂರ್ತಿಯಾಗಿ, ಒಮ್ಮೆ ಭಾಗಶಃ.

ಇಲ್ಲಿ ಎರಡನೆಯ ಮುಖದ ಆಕ್ಷೇಪ ಏಳುತ್ತದೆ: ತಾನಾಗಿ ಒಪ್ಪಿದ, ಸಂಬಳ ಪಡೆದ, ಗಣಿ ಕಾರ್ಮಿಕನೂ ವಿದ್ಯುತ್ ಕಂಬ ಹತ್ತುವ ಲೈನ್‌ಮನ್ನೂ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರಲ್ಲ? ಒಡ್ಡಿಕೊಳ್ಳುತ್ತಾರೆ, ಅವರ ಸಾವುನೋವಿಗೆ ಸಿಗುವ ಗಮನ ನಾಚಿಕೆಯಾಗುವಷ್ಟು ಕಡಿಮೆ. ಆದರೆ ಒಂದು ವ್ಯತ್ಯಾಸವನ್ನು ಅಳಿಸಲು ಬರುವುದಿಲ್ಲ. ಗಣಿಯ ಚಾವಣಿ ಬಿರುಕು ಬಿಟ್ಟಿದೆ, ಇವತ್ತು ಇಳಿಯುವುದಿಲ್ಲ ಎಂದು ಕಾರ್ಮಿಕ ಹೇಳಬಹುದು. ಹೇಳಿದವನು ಕೂಲಿ ಕಳೆದುಕೊಂಡಾನು, ಕೆಲಸವನ್ನೇ ಕಳೆದುಕೊಂಡಾನು, ಆದರೆ ಅಪರಾಧಿಯಾಗುವುದಿಲ್ಲ. ಸೈನಿಕ ಹೇಳಿದರೆ ಅದು ಅಪರಾಧ. 1950ರ ಸೇನಾ ಕಾಯ್ದೆಯ 34ನೇ ಕಲಮಿನಡಿ ಶತ್ರುವಿನೆದುರು ಠಾಣ್ಯವನ್ನು ನಾಚಿಕೆಗೇಡಿಯಾಗಿ ಬಿಟ್ಟುಹೋಗುವುದಕ್ಕೆ ಮರಣದಂಡನೆಯವರೆಗೆ ಶಿಕ್ಷೆಯಿದೆ. ಎಲ್ಲ ನಾಗರಿಕರಿಗೂ ಇರುವ ಮೂಲಭೂತ ಹಕ್ಕುಗಳನ್ನು ಸೇನಾಪಡೆಗಳ ಮಟ್ಟಿಗೆ ಮೊಟಕುಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಮನಬಂದಂತೆ ಬರೆಯುವಂತಿಲ್ಲ. ಅಧಿಕಾರಿ ರಾಜೀನಾಮೆ ಕೊಟ್ಟರೂ ಸರ್ಕಾರ ಒಪ್ಪುವ ತನಕ ಬಿಡುಗಡೆಯಿಲ್ಲ. ಸಂಬಳ ಯಾವುದಕ್ಕೆ ಬೆಲೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದು ದಿನದ ದುಡಿಮೆಗೆ, ನೈಪುಣ್ಯಕ್ಕೆ, ಊರು ಬಿಟ್ಟು ಇರುವುದಕ್ಕೆ ಬೆಲೆ. ಇಂದು ಬೇಡವೆನ್ನುವ ಹಕ್ಕಿಗೆ ಯಾವ ವೇತನ ಆಯೋಗವೂ ದರ ಕಟ್ಟಿಲ್ಲ, ಕಟ್ಟಲಾಗದು ಕೂಡ. ಒಪ್ಪಿಗೆ ಸ್ವಂತದ್ದು ಎನ್ನುವುದೂ ಆಕ್ಷೇಪಕ್ಕೆ ಬಲ ತರುವುದಿಲ್ಲ: ಬಲವಂತದಿಂದ ಕಿತ್ತುಕೊಂಡದ್ದನ್ನು ನಷ್ಟ ಎನ್ನಬಹುದು, ತ್ಯಾಗ ಎನ್ನಲಾಗದು. ಸ್ವಂತ ಇಚ್ಛೆ ತ್ಯಾಗವನ್ನು ಅಲ್ಲಗಳೆಯುವುದಿರಲಿ, ಅದಿಲ್ಲದೆ ತ್ಯಾಗವೇ ಇಲ್ಲ.

ಜೋಳವಾಳಿಗೂ ಇಂದಿನ ಪ್ರಮಾಣಕ್ಕೂ ಇರುವ ಅಂತರವೂ ಇಲ್ಲೇ ಕಾಣುತ್ತದೆ. ಹಳೆಯ ವೀರ ತನಗೆ ಅನ್ನ ಕೊಟ್ಟ ಒಬ್ಬ ಮನುಷ್ಯನಿಗೆ ಋಣಿ. ಆ ಒಡೆಯ ನ್ಯಾಯದ ಪಕ್ಕದಲ್ಲಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಋಣವನ್ನು ಕದಲಿಸುತ್ತಿರಲಿಲ್ಲ. ಕರ್ಣನ ದುರಂತ ಅದೇ. ಇಂದಿನ ಅಧಿಕಾರಿಯ ನಿಷ್ಠೆ ಸಂವಿಧಾನಕ್ಕೆ. ಅವನು ಕಾಯುವ ಜನರಲ್ಲಿ ಹೆಚ್ಚಿನವರು ಅವನಿಗೆ ಏನನ್ನೂ ಕೊಟ್ಟವರಲ್ಲ, ಅವನ ಹೆಸರನ್ನೂ ಕೇಳಿದವರಲ್ಲ. ಹಾಗಾಗಿ ಉಂಡದ್ದಕ್ಕೆ ತೀರಿಸಿದ ಎಂಬ ಮಾತು ಅವನಿಗೆ ಒಪ್ಪುವುದಿಲ್ಲ. ಋಣವಿದ್ದರೆ ಅದು ಆ ಕಡೆಯಿಂದಲ್ಲ, ಈ ಕಡೆಯಿಂದ.

ಇಷ್ಟು ಎಲ್ಲ ಸೈನಿಕರಿಗೂ ಸಮಾನ. ಅಕಾಡೆಮಿಯ ಪದವೀಧರನ ವಿಷಯದಲ್ಲಿ ಇನ್ನೊಂದು ಪದರವಿದೆ, ಸಾಮಾನ್ಯವಾಗಿ ಅದರ ಪ್ರಸ್ತಾಪವೇ ಬರುವುದಿಲ್ಲ. ಅಕಾಡೆಮಿ ಒಬ್ಬನಿಗೆ ಸಾಯಲು ಕಲಿಸುವ ಜಾಗವಲ್ಲ. ಇತರರನ್ನು ಸಾವಿನೆದುರು ನಡೆಸಲು ಕಲಿಸುವ ಜಾಗ. ನಕ್ಷೆ ಓದುವುದು, ಗುಂಡು ಹಾರಿಸುವುದು, ಹಗ್ಗ ಹಿಡಿದು ಬಂಡೆ ಹತ್ತುವುದು ಇವೆಲ್ಲ ಜವಾನನಿಗೂ ಬರುತ್ತವೆ. ಅಧಿಕಾರಿಗೆ ಮಾತ್ರ ಬರಬೇಕಾದದ್ದು ತೀರ್ಮಾನ: ಯಾವ ಏಣಿನಿಂದ, ಯಾವ ಹೊತ್ತಿಗೆ, ಎಷ್ಟು ಜನರೊಂದಿಗೆ. ತೋಲೋಲಿಂಗ್ ಇದಕ್ಕೆ ತಕ್ಕ ನಿದರ್ಶನ. ದ್ರಾಸ್‌ನ ನೆತ್ತಿಯ ಮೇಲೆ ಸುಮಾರು 15,000 ಅಡಿ ಎತ್ತರದಲ್ಲಿರುವ ಆ ಏಣಿನಿಂದ ಶ್ರೀನಗರ–ಲೇಹ್ ಹೆದ್ದಾರಿ ನೇರ ಕಣ್ಣಳತೆಗೆ ಸಿಗುತ್ತಿತ್ತು. ಮರೆಯಿಲ್ಲದ ಬೋಳು ಇಳಿಜಾರು, ಮೇಲಿಂದ ಮೆಷಿನ್‌ಗನ್. 18ನೇ ಗ್ರೆನೇಡಿಯರ್ಸ್ ವಾರಗಟ್ಟಲೆ ಪ್ರಯತ್ನಿಸಿ ಮೇಜರ್ ರಾಜೇಶ್ ಅಧಿಕಾರಿ ಅವರೂ ಸೇರಿದಂತೆ ಹಲವರನ್ನು ಕಳೆದುಕೊಂಡಿತ್ತು. ಆಮೇಲೆ ಆ ಹೊಣೆ ರವೀಂದ್ರನಾಥ್ ಅವರ ಪಡೆಗೆ ಬಂತು. ಜೂನ್ 12–13ರ ರಾತ್ರಿಯ ದಾಳಿಯಲ್ಲಿ ಶಿಖರ ಕೈಗೆ ಬಂತು. ಮುಂಚೂಣಿಯಲ್ಲಿದ್ದ ಮೇಜರ್ ವಿವೇಕ್ ಗುಪ್ತಾ ಬಿದ್ದರು. ಎರಡು ವಾರ ಕಳೆದು ಅದೇ ಪಡೆ ನೋಲ್ ಮತ್ತು ತ್ರೀ ಪಿಂಪಲ್ಸ್ ಶಿಖರಗಳ ಮೇಲೆ ಏರಿದಾಗ ಮೇಜರ್ ಪದ್ಮಪಾಣಿ ಆಚಾರ್ಯ, ಕ್ಯಾಪ್ಟನ್ ಕೆಂಗುರುಸೆ, ಕ್ಯಾಪ್ಟನ್ ವಿಜಯಂತ್ ಥಾಪರ್ ಮರಳಲಿಲ್ಲ. ಥಾಪರ್ ಡೆಹ್ರಾಡೂನಿನಿಂದ ಹೊರಬಂದು ಕೇವಲ ಆರು ತಿಂಗಳಾಗಿತ್ತು, ವಯಸ್ಸು 22.

ರವೀಂದ್ರನಾಥ್ ಬದುಕಿ ಬಂದರು. ವೀರ ಚಕ್ರ ಪಡೆದರು, 2018ರವರೆಗೆ ಬಾಳಿದರು. ಸಾವೇ ತ್ಯಾಗ ಎನ್ನುವ ಲೆಕ್ಕದಲ್ಲಿ ಅವರದು ಶೌರ್ಯ ಮತ್ತು ಯಶಸ್ಸು; ತ್ಯಾಗ ಅವರ ಕೈಕೆಳಗಿನವರದು. ಈ ವಿಂಗಡಣೆ ನಾಯಕತ್ವದ ಸ್ವರೂಪವನ್ನೇ ತಪ್ಪಾಗಿ ಗ್ರಹಿಸುತ್ತದೆ. ಆಜ್ಞೆ ಕೊಡುವವನು ತಾನು ಹೆಸರು ಹಿಡಿದು ಕರೆಯುತ್ತಿದ್ದ ಹುಡುಗರಲ್ಲಿ ಕೆಲವರು ಬೆಳಗಾಗುವುದರೊಳಗೆ ಇರುವುದಿಲ್ಲ ಎಂದು ತಿಳಿದೇ ಕೊಡಬೇಕು. ಯಾರು ಎಂಬುದಷ್ಟೇ ತಿಳಿದಿರುವುದಿಲ್ಲ. ಆ ತೀರ್ಮಾನವನ್ನು ಬೇರೊಬ್ಬರ ಹೆಗಲಿಗೆ ದಾಟಿಸುವಂತಿಲ್ಲ, ಯುದ್ಧ ಮುಗಿದ ಮೇಲೆ ಇಳಿಸುವಂತೆಯೂ ಇಲ್ಲ. ಯಾರ ಸಾವಿಗೂ ತಾನು ಕಾರಣನಲ್ಲ ಎಂಬ ನಿಶ್ಚಿಂತೆಯೊಂದು ಬಹುತೇಕ ಮನುಷ್ಯರಿಗೆ ಹುಟ್ಟಿನಿಂದ ಸಾವಿನವರೆಗೂ ಇರುತ್ತದೆ. ಅದು ಎಷ್ಟು ದೊಡ್ಡ ಆಸ್ತಿ ಎಂಬುದೂ ಅವರಿಗೆ ಹೊಳೆದಿರುವುದಿಲ್ಲ. ಯುದ್ಧದಲ್ಲಿ ಪಡೆ ನಡೆಸಿದ ಅಧಿಕಾರಿ ಆ ಆಸ್ತಿಯನ್ನು ಬಿಟ್ಟುಕೊಟ್ಟವನು. ತೀರ್ಮಾನ ಸರಿಯಾಗಿದ್ದರೂ, ಶಿಖರ ಗೆದ್ದರೂ, ಎದೆಯ ಮೇಲೆ ಪದಕ ಬಂದರೂ ಅದು ಮರಳುವುದಿಲ್ಲ. ಬದುಕುಳಿದವರ ತ್ಯಾಗಗಳಲ್ಲೆಲ್ಲ ಇದು ದೊಡ್ಡದು, ಕಣ್ಣಿಗೆ ಬೀಳುವುದು ಮಾತ್ರ ಅತಿ ಕಡಿಮೆ.

ಹೀಗೆ ಅಧಿಕಾರಿಗೆ ಬೇರೆಯೇ ಪದರ ಹಚ್ಚುವುದು ಜವಾನನನ್ನು ಕೆಳಗಿಳಿಸಿದಂತಲ್ಲವೇ? ಈ ಆಕ್ಷೇಪಕ್ಕೆ ತೂಕವಿದೆ, ಏಕೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸೇನೆಗೆ ಸೇರುವವರಲ್ಲಿ ಬಹುಪಾಲು ಜವಾನರೇ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದಲ್ಲಿ ಹಿಮದಡಿ ಆರು ದಿನ ಸಿಲುಕಿ, ಜೀವಂತವಾಗಿ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಒಪ್ಪಿಸಿದ ಹಕ್ಕು ಯಾವ ಜನರಲ್ ಒಪ್ಪಿಸಿದ್ದಕ್ಕಿಂತಲೂ ಕಡಿಮೆಯದಲ್ಲ. ಪ್ರಮಾಣ ಒಂದೇ, ಮಿತಿಯಿಲ್ಲದಿರುವುದೂ ಒಂದೇ. ಅಧಿಕಾರಿಗೆ ಹೆಚ್ಚಾಗಿ ಬರುವುದು ಹೊಣೆ. ಅದು ಅವನಿಗೆ ಇನ್ನೊಂದು ಬಗೆಯ ಭಾರ ಹೊರಿಸುತ್ತದೆ, ಹೆಚ್ಚಿನ ಬೆಲೆ ತರುವುದಿಲ್ಲ. ತ್ಯಾಗವನ್ನು ಕಳೆದುಕೊಂಡದ್ದರಲ್ಲಿ ಅಳೆದಾಗಲೇ ದರ್ಜೆಗಳ ಪೈಪೋಟಿ ಹುಟ್ಟುತ್ತದೆ. ಒಪ್ಪಿ ಒಡ್ಡಿದ್ದರಲ್ಲಿ ಅಳೆದರೆ ಪೈಪೋಟಿಗೆ ಎಡೆಯೇ ಇಲ್ಲ.

ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು. ತ್ಯಾಗ ಪ್ರಮಾಣದಲ್ಲೇ ಇದೆ ಎಂದಾದರೆ, ಮೂವತ್ತು ವರ್ಷ ಶಾಂತಿಕಾಲದ ದಂಡುಪ್ರದೇಶಗಳಲ್ಲೇ ಕಳೆದ ಅಧಿಕಾರಿಗೂ ಕಾರ್ಗಿಲ್ ಹತ್ತಿದವನಿಗೂ ಭೇದವೇ ಇಲ್ಲವೆ? ಭೇದವಿದೆ. ಒಪ್ಪಿಗೆಯಲ್ಲಿ ಇಬ್ಬರೂ ಸಮಾನರು, ಒಡ್ಡಿದ್ದರಲ್ಲಿ ಸಮಾನರಲ್ಲ. ಯುದ್ಧಕಾಲದ ಸೇವೆಗೆ ಪ್ರತ್ಯೇಕ ಗೌರವ ಸಲ್ಲಬೇಕಾದದ್ದು ಈ ಕಾರಣಕ್ಕೇ. ಆದರೆ ಶಾಂತಿಕಾಲದವನ ಒಪ್ಪಿಗೆಯನ್ನು ಪೊಳ್ಳು ಎನ್ನಲಾಗದು. ಯಾವ ವರ್ಷ ಯುದ್ಧವಾಗುತ್ತದೆಂದು ಅಧಿಕಾರಿ ಆರಿಸಿಕೊಳ್ಳುವುದಿಲ್ಲ. 1971ರ ಜೂನ್‌ನಲ್ಲಿ ಅಧಿಕಾರಿಯಾದ ಅರುಣ್ ಖೇತ್ರಪಾಲ್‌ಗೆ ಆರು ತಿಂಗಳಲ್ಲೇ ಬಸಂತರ್ ನದಿಯ ಟ್ಯಾಂಕ್ ಕದನ ಎದುರಾಯಿತು. ಒಂದೆರಡು ವರ್ಷ ತಡವಾಗಿ ಸೇರಿದವರಿಗೆ ಅಂಥ ಯುದ್ಧವೇ ಎದುರಾಗದೆ ಸೇವೆ ಮುಗಿದಿರಬಹುದು.

ಮೂರನೆಯ ಆಕ್ಷೇಪ ವಿಜಯಪುರಕ್ಕೆ ತೀರ ಹತ್ತಿರದ್ದು. ಸೈನಿಕ ಶಾಲೆಗೆ ಆರನೇ ತರಗತಿಗೆ ಸೇರುವ ಮಗುವಿಗೆ ಹತ್ತರಿಂದ ಹನ್ನೆರಡು ವರ್ಷ. ನಗರದ ಗಲ್ಲಿಗಲ್ಲಿಗಳಲ್ಲಿ ಸೈನಿಕ, ನವೋದಯ, ಕಿತ್ತೂರು, ಮೊರಾರ್ಜಿ ಪರೀಕ್ಷೆಗಳ ಕೋಚಿಂಗ್ ಫಲಕಗಳಿವೆ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದಲೂ ಮಕ್ಕಳನ್ನು ತಂದು ಸೇರಿಸುತ್ತಾರೆ. ಮಳೆ ನೆಚ್ಚಿದ ಜೋಳದ ಹೊಲ, ಕೊಳವೆಬಾವಿ ನೆಚ್ಚಿದ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ದರ ಬಿದ್ದ ವರ್ಷ ಏರುವ ಸಾಲ ಇವೆಲ್ಲ ಆ ಭಾಗದ ಮನೆಗಳಿಗೆ ಗೊತ್ತಿರುವ ಸಂಗತಿಗಳು. ಏತ ನೀರಾವರಿಯ ಕಾಲುವೆ ಬಂದ ಮೇಲೆ ಕೆಲವೆಡೆ ಸ್ಥಿತಿ ಸುಧಾರಿಸಿದ್ದರೂ, ಮಗನಿಗೆ ತಿಂಗಳ ಸಂಬಳದ ನೌಕರಿ ಆಗಲಿ ಎಂಬ ಹಂಬಲ ಸಹಜ. ಹಾಗಿರುವಾಗ ಇದನ್ನು ತ್ಯಾಗ ಎನ್ನುವುದು ಹೇಗೆ? ಆರಿಸಿದ್ದು ಬಡತನ, ಆರಿಸಿದವರು ತಂದೆತಾಯಿ, ಮಗು ಅಲ್ಲ ಎಂಬುದು ವಾದ.

ಇದರ ಅರ್ಧ ನಿಜ, ಆ ಅರ್ಧವನ್ನು ಒಪ್ಪಲೇಬೇಕು. ಹತ್ತು ವರ್ಷದ ಮಗು ಯಾವ ಅರ್ಥದಲ್ಲೂ ಪ್ರಾಣ ಒಪ್ಪಿಸಲಾರದು. ಸಮವಸ್ತ್ರ ತೊಟ್ಟ ಆ ಮಗುವನ್ನು ವೇದಿಕೆಯಲ್ಲಿ ನಿಲ್ಲಿಸಿ ಭಾವೀ ವೀರಯೋಧ ಎಂದು ಹಾರ ಹಾಕುವುದು ತಪ್ಪು. ಆದರೆ ಶಾಲೆಗೆ ಸೇರುವುದು ಪ್ರಮಾಣವಲ್ಲ. ಸೈನಿಕ ಶಾಲೆಯಲ್ಲಿ ಓದಿದವರೆಲ್ಲ ಸೇನೆಗೆ ಹೋಗುವುದಿಲ್ಲ. ವೈದ್ಯರು, ಇಂಜಿನಿಯರರು, ಆಡಳಿತಾಧಿಕಾರಿಗಳು ಆದವರು ಬಹಳ. ಅಂಥವರನ್ನು ಶಾಲೆಯ ಉದ್ದೇಶ ತಪ್ಪಿದವರಂತೆ ನೋಡುವ ರೂಢಿ ಕೆಲವರಲ್ಲಿದೆ. ಅದು ವಿವೇಕವಲ್ಲ. ಬೇಡವೆಂದು ಹೊರಟುಹೋಗುವ ಬಾಗಿಲು ತೆರೆದಿದ್ದುದರಿಂದಲೇ ಒಳಗೆ ಉಳಿದವನದು ಆಯ್ಕೆ ಎನಿಸಿಕೊಳ್ಳುತ್ತದೆ. ರಕ್ಷಣಾ ಅಕಾಡೆಮಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಪ್ರವೇಶ, ಅಲ್ಲಿಂದ ನಾಲ್ಕು ವರ್ಷಗಳಲ್ಲಿ ತನ್ನ ಹಿರಿಯ ಬ್ಯಾಚಿನವರ ಹೆಸರು ಸ್ಮಾರಕದ ಗೋಡೆಗೆ ಸೇರುವುದನ್ನು ಅವನು ಕಣ್ಣಾರೆ ನೋಡಿರಬಹುದು. ಪ್ರಮಾಣ ಮಾಡುವಾಗ ಅವನು ಮಗುವಲ್ಲ, ಅಜ್ಞಾನಿಯೂ ಅಲ್ಲ. ಇನ್ನು ಬಡತನದ ಮಾತು. ಪ್ರೇರಣೆ ಬೇರೆ, ಕೊಡುವ ವಸ್ತು ಬೇರೆ. ಮನೆಯ ಸಾಲ ತೀರಿಸಲೆಂದೇ ಸೇನೆ ಸೇರಿದವನ ಪ್ರಮಾಣದಲ್ಲಿ ಒಂದಕ್ಷರವೂ ಕಡಿಮೆ ಇರುವುದಿಲ್ಲ, ಶತ್ರುವಿನ ಗುಂಡು ಅವನ ಮನೆಯ ಪರಿಸ್ಥಿತಿ ಕೇಳುವುದಿಲ್ಲ. ಹಾಗೆ ನೋಡಿದರೆ ಉಳಿದ ದಾರಿಗಳು ಕಡಿಮೆ ಇದ್ದವನಿಂದ ಇಷ್ಟನ್ನು ಪಡೆದ ಸಮಾಜದ ಹೊಣೆ ಹೆಚ್ಚುತ್ತದೆಯೇ ಹೊರತು ಅವನು ಕೊಟ್ಟದ್ದು ಕುಗ್ಗುವುದಿಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಕಠಿಣ: ಯುದ್ಧವೇ ತಪ್ಪಾಗಿದ್ದರೆ? 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು, ಹೋದ ಉದ್ದೇಶ ಈಡೇರದೆ ಮರಳಿತು. ಜಾಫ್ನಾದಲ್ಲಿ 54ನೇ ಡಿವಿಷನ್ನಿನ ನೇತೃತ್ವ ವಹಿಸಿದ್ದ ಲೆಫ್ಟಿನೆಂಟ್ ಜನರಲ್ ಎಸ್. ಸಿ. ಸರದೇಶಪಾಂಡೆ ಆ ಅನುಭವವನ್ನು ಪುಸ್ತಕವಾಗಿ ಬರೆದಿದ್ದಾರೆ. ಆ ಕಾರ್ಯಾಚರಣೆಯ ನೆನಪು ಕಾರ್ಗಿಲ್ ನೆನಪಿನಂತೆ ಪ್ರತಿವರ್ಷ ಮೆರವಣಿಗೆಯಲ್ಲಿ ಬರುವುದಿಲ್ಲ. ಗೆಲುವಿಲ್ಲದ ಕಡೆ ತ್ಯಾಗವೂ ಇಲ್ಲವೇನೋ ಎಂಬಂತೆ ನಾಡು ನಡೆದುಕೊಂಡಿದೆ. ಮೇಲೆ ಮಾಡಿದ ವಿಂಗಡಣೆ ಇಲ್ಲಿ ನಿಚ್ಚಳವಾಗಿ ಉತ್ತರಿಸುತ್ತದೆ. ಎಲ್ಲಿ ಹೋರಾಡಬೇಕು, ಏಕೆ ಹೋರಾಡಬೇಕು ಎಂಬ ತೀರ್ಮಾನವನ್ನು ಅಧಿಕಾರಿ ಬಿಟ್ಟುಕೊಟ್ಟಿದ್ದಾನೆ; ಅದನ್ನು ಚುನಾಯಿತ ಸರ್ಕಾರ, ಅದರ ಹಿಂದೆ ಮತದಾರ, ಇಟ್ಟುಕೊಂಡಿದ್ದಾರೆ. ಕಾನೂನುಬಾಹಿರ ಕೃತ್ಯಕ್ಕೆ ಅವನೇ ಉತ್ತರದಾಯಿ, ಅದರಲ್ಲಿ ವಿನಾಯಿತಿ ಇಲ್ಲ. ಆದರೆ ಕಾರ್ಯಾಚರಣೆಯ ವಿವೇಕಕ್ಕೆ ಉತ್ತರದಾಯಿಗಳು ಕಳಿಸಿದವರು. ತೀರ್ಮಾನ ತಪ್ಪಾಗಿದ್ದರೆ ತಪ್ಪು ಕಳಿಸಿದವರ ಲೆಕ್ಕಕ್ಕೆ ಬರುತ್ತದೆ, ಹೋದವನ ತ್ಯಾಗ ಹಾಗೇ ಉಳಿಯುತ್ತದೆ. ಯುದ್ಧ ಬೇಕೆಂದು ಗಂಟಲು ಹರಿಯುವಂತೆ ಕೂಗುವವರು, ತಾವು ಕೂಗುತ್ತಿರುವುದು ಇನ್ನೊಬ್ಬರು ನಂಬಿ ಒಪ್ಪಿಸಿದ ಹಕ್ಕನ್ನು ಕೈಯಲ್ಲಿ ಹಿಡಿದುಕೊಂಡು ಎಂಬುದನ್ನು ತಿಳಿದಿರಬೇಕು.

ಅಳತೆಗೋಲು ಬದಲಾದರೆ ಆಚರಣೆಯಲ್ಲೂ ಕೆಲವು ಬದಲಾಗಬೇಕಾಗುತ್ತದೆ. ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಅವು ಇರಲೇಬೇಕು. ಅದರ ಜೊತೆಗೆ ಬದುಕಿ ಬಂದವರೂ ಲೆಕ್ಕಕ್ಕೆ ಬರಬೇಕು. 1971ರಲ್ಲಿ ಸಿಲ್ಹೆಟ್‌ನಲ್ಲಿ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೊ, ಕೃತಕ ಕಾಲಿನಲ್ಲೇ ಪದಾತಿ ಪಡೆಯೊಂದನ್ನು ಮುನ್ನಡೆಸುವ ಹಕ್ಕನ್ನು ಸೇನೆಯೊಂದಿಗೆ ಹೋರಾಡಿ ಪಡೆಯಬೇಕಾಯಿತು. 1965ರ ಯುದ್ಧದ ಕೊನೆಯ ದಿನಗಳಲ್ಲಿ ವಿಮಾನ ಉರುಳಿ ಸೆರೆ ಸಿಕ್ಕ ಕೆ. ಸಿ. ಕಾರ್ಯಪ್ಪ ತಿಂಗಳುಗಟ್ಟಲೆ ಪಾಕಿಸ್ತಾನದ ಸೆರೆಯಲ್ಲಿದ್ದರು. ಅವರ ತಂದೆ, ನಿವೃತ್ತ ಮಹಾದಂಡನಾಯಕ ಕೆ. ಎಂ. ಕಾರ್ಯಪ್ಪ, ಮಗನಿಗೆಂದು ಪ್ರತ್ಯೇಕ ಸವಲತ್ತು ಬೇಡವೆಂದರು. ಆ ನಿರಾಕರಣೆಯಲ್ಲಿ ಮನೆಯವರು ಒಡ್ಡುವುದೂ ಏನೆಂಬುದು ಕಾಣುತ್ತದೆ. ಗಾಯಾಳುವಿಗೆ, ಸೆರೆಯಾಳಿಗೆ, ಪಡೆ ನಡೆಸಿ ಬಂದು ರಾತ್ರಿ ಎಚ್ಚರಗೊಳ್ಳುವವನಿಗೆ, ವರ್ಷಗಟ್ಟಲೆ ಫೋನಿನ ಸದ್ದಿಗೆ ಬೆಚ್ಚಿದ ಹೆಂಡತಿಗೆ ಸಲ್ಲಬೇಕಾದದ್ದನ್ನು ಕರುಣೆಯ ಖಾತೆಯಲ್ಲಿ ಬರೆಯುವುದು ತಪ್ಪು. ಅವರೆಲ್ಲ ಅದೇ ಒಪ್ಪಿಗೆಯ ಭಾಗ.

ಈ ಅಳತೆಗೆ ಒಂದು ನಿಕಷ ಈಗಲೂ ಕಣ್ಣ ಮುಂದಿದೆ. ಅಕಾಡೆಮಿಯ ತರಬೇತಿಯಲ್ಲೇ ಬೆನ್ನೆಲುಬು ಮುರಿದೋ ತಲೆಗೆ ಪೆಟ್ಟಾಗಿಯೋ ಶಾಶ್ವತವಾಗಿ ಅಂಗವಿಕಲರಾಗಿ ಹೊರಬೀಳುವ ಕೆಡೆಟ್‌ಗಳಿದ್ದಾರೆ. ಅಧಿಕಾರಿಯಾಗುವ ಮೊದಲೇ ಹೊರಬಂದದ್ದರಿಂದ ನಿಯಮದ ಪ್ರಕಾರ ಅವರು ಮಾಜಿ ಸೈನಿಕರಲ್ಲ. ಅಂಗವಿಕಲ ಅಧಿಕಾರಿಗೆ ಸಿಗುವ ಪಿಂಚಣಿಯ ಬದಲು ಅವರಿಗೆ ಸಿಗುವುದು ಅನುಗ್ರಹಧನ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು; ಅದೇ ತಿಂಗಳು ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಅವರಿಗೂ ವಿಸ್ತರಿಸಲಾಯಿತು. ಸಾವಿನ ಅಳತೆಯಲ್ಲಿ ಇವರಿಗೆ ಸ್ಥಾನವಿಲ್ಲ, ಸಂಬಳದ ಋಣದ ಅಳತೆಯಲ್ಲೂ ಇಲ್ಲ. ಒಪ್ಪಿಗೆಯ ಅಳತೆಯಲ್ಲಿ ಪ್ರಶ್ನೆ ತುಸು ತೊಡಕಿನದೇ, ಏಕೆಂದರೆ ಕೊನೆಯ ಪ್ರಮಾಣ ಇನ್ನೂ ಆಗಿರಲಿಲ್ಲ. ಆದರೂ ಹಗ್ಗ ಹತ್ತು ಎಂದಾಗ ಹತ್ತಿದ, ಹಾರು ಎಂದಾಗ ಹಾರಿದ ದೇಹವನ್ನು ಅವರು ಆಗಲೇ ಆಜ್ಞೆಗೆ ಒಪ್ಪಿಸಿದ್ದರು. ಒಡ್ಡಿದ್ದು ಯುದ್ಧಕ್ಕಲ್ಲದಿದ್ದರೂ ಯುದ್ಧದ ಸಲುವಾಗಿಯೇ. ಆದ್ದರಿಂದ ಅವರಿಗೆ ಸಲ್ಲಬೇಕಾದದ್ದು ಪಿಂಚಣಿ. ಸರ್ಕಾರದ ದಯೆಯ ಮೊತ್ತ ಅದಕ್ಕೆ ಬದಲಿಯಾಗದು.